ಹಳದಿ ಗುಳ್ಳೆ ಕೇಳಿದ ಹೆಸರು

ನಮ್ಮ ಕಡೆ ಫೋನ್ ಎತ್ತಿ "ಯಾರು?" ಎಂದು ಕೇಳಿದರೆ ಬರುವ ಉತ್ತರ ಒಂದೇ: "ನಾನ್ರೀ." ಅದರ ಮೇಲೆ ಇನ್ನೊಂದು ಪ್ರಶ್ನೆ ಕೇಳುವುದು ಮಹಾ ಅಪಚಾರ. ದನಿಯಲ್ಲೇ ಗುರುತು ಹಿಡಿಯಬೇಕು. ಹಿಡಿಯದಿದ್ದರೆ "ಯಾಕವಾ, ಭಾಳ ದೊಡ್ಡಾಕಿ ಆದಿ, ಗುರ್ತ ಮರತೇನು?" ಎಂದು ಬೈಸಿಕೊಳ್ಳಬೇಕು. ಇಂಥ ಸೀಮೆಯಲ್ಲಿ, ಹೆಸರು ಹೇಳದವರನ್ನು ಒಳಗೆ ಬಿಡದ ಯಂತ್ರ ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ಹಣೆಬರಹ, ಇನ್ನೇನು.

ಎರಡು ಸಾವಿರದ ದಶಕದ ಕೊನೆಕೊನೆಯ ವರ್ಷಗಳು. ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ನಾನು ಗುತ್ತಿಗೆಯ ಮೇಲೆ ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಯಾವ ಕಾರ್ಖಾನೆ ಎಂದು ಕೇಳಬೇಡಿ. ನಮ್ಮ ಕಡೆ ಕಣ್ಣು ಮುಚ್ಚಿ ಕಲ್ಲು ಒಗೆದರೂ ಒಂದಲ್ಲ ಒಂದು ಸಿಮೆಂಟ್ ಕಾರ್ಖಾನೆಯ ಗೋಡೆಗೆ ಬಡಿಯುತ್ತದೆ. ನನ್ನ ಹುಟ್ಟೂರು ಚಿಂಚೋಳಿ, ಬಾಡಿಗೆ ಕೋಣೆ ಸೇಡಂನಲ್ಲಿ, ಮಧ್ಯಾಹ್ನದ ಊಟ ಮಾತ್ರ ಕಾರ್ಖಾನೆಯ ಕಾಲನಿಯಲ್ಲಿ, ಕಾಕು ಮನೆಯಲ್ಲಿ.

ಕಾಕು ಅಂದರೆ ಚಿಕ್ಕಮ್ಮ, ಆದರೆ ನನಗೆ ರಕ್ತಸಂಬಂಧಿ ಅಲ್ಲ. ಅವರ ಯಜಮಾನರು, ಅಂದರೆ ಕಾಕಾ, ನಮ್ಮಪ್ಪನಿಗೆ ಪರಿಚಯದವರು. ಸಿಮೆಂಟಿನ ಕಲ್ಲು ಸುಡುವ ದೊಡ್ಡ ಭಟ್ಟಿಯ ಫೋರ್‌ಮನ್. ಏಕಾದಶಿ ತಪ್ಪದ ಮನೆ. "ಹೊರಗಿನ ಅನ್ನ ತಿಂದು ಹೊಟ್ಟಿ ಕೆಡಿಸ್ಕೋಬ್ಯಾಡ, ಇಲ್ಲೇ ಬಾ" ಎಂದು ಕಾಕು ಮೊದಲ ವಾರದಲ್ಲೇ ಅಪ್ಪಣೆ ಕೊಟ್ಟಿದ್ದರು. ಅವರ ಬಿಸಿ ಜೋಳದ ಭಕ್ರಿ, ಪುಂಡಿ ಪಲ್ಯಕ್ಕೆ ನಾನು ಇವತ್ತಿಗೂ ಋಣಿ. ಭಕ್ರಿ ಆಗಾಗ ಕರಕಲಾಗಿರುತ್ತಿತ್ತು, ಅದಕ್ಕೆ ಕಾರಣ ನಾನೇ.

ಕಾಕು ಶಹಾಬಾದದ ಮಗಳು. ಅವರ ಅಪ್ಪ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು. ಮನೆ ಮುಂದಿನ ಕಟ್ಟೆಯ ಫರಸಿ ಕಲ್ಲಿನ ಮೇಲೆ ಇದ್ದಲಿನಿಂದ ಚೌಕಗಳನ್ನು ಬರೆದು ಮಗಳಿಗೆ ಚದುರಂಗ ಕಲಿಸಿದ್ದರು. ಲಗ್ನವಾದ ಮೇಲೆ ಆಟ ಬಿಟ್ಟುಹೋಯಿತು, ಯಾಕೆಂದರೆ ಕಾಕಾಗೆ ಆನೆ ಯಾವುದು ಒಂಟೆ ಯಾವುದು ತಿಳಿಯುತ್ತಿರಲಿಲ್ಲ. ಕಾರ್ಖಾನೆಯವರು ಆಫೀಸಿನ ಹಳೇ ಕಂಪ್ಯೂಟರುಗಳನ್ನು ಕ್ವಾರ್ಟರ್ಸಿಗೆ ಕೊಟ್ಟು ವಯರ್ ಎಳೆದಾಗ, ನಾನು ಒಂದು ಮಧ್ಯಾಹ್ನ ಊಟದ ಮೇಲೆ ಕಾಕುಗೆ ಇಂಟರ್ನೆಟ್ಟಿನಲ್ಲಿ ಚದುರಂಗ ಆಡುವ ಜಾಗ ತೋರಿಸಿದೆ. ಅಲ್ಲಿ ಗಡಿಬಿಡಿ ಇಲ್ಲ. ನೀವು ಇವತ್ತು ಒಂದು ನಡೆ ನಡೆಸಿದರೆ, ಎದುರಿನವನು ನಾಳೆ ನಡೆಸುತ್ತಾನೆ. ಆದರೆ ಮೂರು ದಿನ ಸುಮ್ಮನೆ ಕುಳಿತರೆ ಆಟ ಹೋಯಿತು, ಸೋತಿರಿ. ಹೆಸರು ಬರೆಯುವ ಕಡೆ ಕಾಕು ತಾವೇ ಒಂದೊಂದೇ ಅಕ್ಷರ ಹುಡುಕಿ ಏನೋ ಒಂದು ಹೆಸರು ಒತ್ತಿದರು. ಇಂಟರ್ನೆಟ್ಟಿನಲ್ಲಿ ಎಲ್ಲರೂ ಸುಳ್ಳು ಹೆಸರು ಇಟ್ಟುಕೊಳ್ಳುತ್ತಾರೆ, ಇದೂ ಅಂಥದ್ದೇ ಎಂದುಕೊಂಡೆ.

ಆಮೇಲೆ ನೋಡಬೇಕಿತ್ತು. ಯಾವ ದೇಶದವನೋ ಏನೋ, ಒಬ್ಬನ ಜೊತೆ ತಿಂಗಳುಗಟ್ಟಲೆ ಒಂದೇ ಆಟ. ಕಾಕು ಹಂಚಿನ ಮುಂದೆ ಕುಳಿತು ಭಕ್ರಿ ಬಡಿಯುತ್ತ, "ಕುದುರಿ ಹಿಂದ ತಗೀಲೋ, ಬ್ಯಾಡೋ" ಎಂದು ಗೊಣಗುವುದು, ಭಕ್ರಿ ಸುಟ್ಟ ವಾಸನೆ ಬಂದ ಮೇಲೆ "ಅಯ್ಯ ಶಿವನೆ" ಎಂದು ಎಚ್ಚರಾಗುವುದು. ವೈಷ್ಣವರ ಮನೆಯಲ್ಲಿ ಶಿವನ ಹೆಸರು ಬರುತ್ತಿದ್ದದ್ದು ಅಂಥ ಹೊತ್ತಿನಲ್ಲಿ ಮಾತ್ರ. ಆ ಆಟದಲ್ಲಿ ಗೆಲ್ಲುವ ಹಂತಕ್ಕೆ ಬಂದಿದ್ದೇನೆ ಎಂದು ದಿನಾ ನನಗೆ ವರದಿ ಒಪ್ಪಿಸುತ್ತಿದ್ದರು.

ಈ ನಡುವೆ ಕಾಲನಿಯ ಒಬ್ಬ ಪುಣ್ಯಾತ್ಮ ಹೈದರಾಬಾದಿನಿಂದ ಒಂದು ವೈರ್‌ಲೆಸ್ ಪೆಟ್ಟಿಗೆ ತಂದು, ವಯರನ್ನು ತಪ್ಪು ತೂತಿಗೆ ಚುಚ್ಚಿದ. ಆ ಪೆಟ್ಟಿಗೆ ತಾನೇ ಊರ ಗೌಡ ಎಂದುಕೊಂಡು ಇಡೀ ಕಾರ್ಖಾನೆಯ ಕಂಪ್ಯೂಟರುಗಳಿಗೆ ತಪ್ಪು ವಿಳಾಸ ಹಂಚತೊಡಗಿತು. ಲಾರಿ ತೂಗುವ ಕಾಟಾದ ಕಂಪ್ಯೂಟರ್ ಅದನ್ನೇ ನಂಬಿ ದಾರಿ ತಪ್ಪಿತು. ಲಾರಿಗಳು ಗೇಟಿನಿಂದ ಹೆದ್ದಾರಿಯವರೆಗೆ ನಿಂತವು, ಡ್ರೈವರುಗಳು ಸ್ಟವ್ ಹಚ್ಚಿ ಅಡಿಗೆಗೆ ಇಟ್ಟರು. ಕೋತಿ ತಾನೂ ಕೆಟ್ಟು ವನವನ್ನೂ ಕೆಡಿಸಿತು. ಮುಖ್ಯ ಕಚೇರಿಯಿಂದ ಹುಕುಂ ಬಂತು: ಇನ್ನು ಮೇಲೆ ಯಾರೆಂದು ಕೇಳದೆ ಒಂದು ವಯರನ್ನೂ ಒಳಗೆ ಬಿಡಬೇಡಿ.

ಬೇರೆಬೇರೆ ಮನೆಗಳ ವಯರುಗಳೆಲ್ಲ ಬಂದು ಸೇರುವ ಪೆಟ್ಟಿಗೆಗೆ ಸ್ವಿಚ್ ಎನ್ನುತ್ತಾರೆ, ಅದರ ಒಂದೊಂದು ತೂತಿಗೆ ಪೋರ್ಟ್. ಹೊಸ ಪದ್ಧತಿಯಲ್ಲಿ ಪೋರ್ಟ್ ಮೊದಲಿಗೆ ಮುಚ್ಚಿರುತ್ತದೆ. ವಯರ್ ಚುಚ್ಚಿದ ಕೂಡಲೇ ಸ್ವಿಚ್ "ಯಾರು?" ಎನ್ನುತ್ತದೆ. ಹೆಸರು, ಪಾಸ್‌ವರ್ಡ್ ಹೇಳಬೇಕು. ತೀರ್ಮಾನ ಸ್ವಿಚ್ಚಿನದಲ್ಲ, ಅದು ಬಾಗಿಲಲ್ಲಿ ನಿಂತ ಸೊಸೆ ಇದ್ದ ಹಾಗೆ, "ಅತ್ತೀ, ಇಂಥವರು ಬಂದಾರ, ಬಿಡ್ಲೇನ್ರೀ?" ಎಂದು ಒಳಗಿನ ಸರ್ವರನ್ನು ಕೇಳುತ್ತದೆ. ಅತ್ತೆ "ಬಿಡು" ಅಂದರೆ ಬಾಗಿಲು ತೆರೆಯಿತು. ಕಾಲನಿಯ ಕ್ಲಬ್ಬಿನ ಹತ್ತಿರ ಗಾಳಿಯಲ್ಲಿ ಬರುವ ವೈರ್‌ಲೆಸ್ಸಿಗೂ ಇದೇ ಕಾನೂನು. ಪ್ರಿಂಟರುಗಳಿಗೆ ಮಾತ್ರ ವಿನಾಯಿತಿ. ಅವಕ್ಕೆ ಬಾಯಿಲ್ಲ, ಹೆಸರು ಹೇಳಲಾರವು, ಹಾಗಾಗಿ ಅವುಗಳ ಯಂತ್ರದ ನಂಬರ್ ನೋಡಿ ಬಿಟ್ಟುಬಿಡುವುದು.

ಭಾಳ ಶಾಣ್ಯಾಕಿ ಎಂದು ಬೀಗುತ್ತಿದ್ದ ನಾನು ಮೊದಲ ದಿನವೇ, ಮನೆಗಳ ಪೋರ್ಟುಗಳ ಜೊತೆಗೆ ಒಂದು ಸ್ವಿಚ್ಚನ್ನು ಇನ್ನೊಂದಕ್ಕೆ ಜೋಡಿಸುವ ಪೋರ್ಟಿಗೂ ಈ ಬೀಗ ಜಡಿದುಬಿಟ್ಟೆ. ಆ ಕಡೆಯ ಸ್ವಿಚ್ಚಿಗೆ ಹೆಸರು ಹೇಳುವುದನ್ನು ಯಾರೂ ಕಲಿಸಿರಲಿಲ್ಲ. ಅರ್ಧ ಕಾಲನಿ ಕತ್ತರಿಸಿಹೋಯಿತು, ನನ್ನ ಕೈಗೂ ಸಿಗದಂತೆ. ಬಿಸಿಲಲ್ಲಿ ಸೈಕಲ್ ತುಳಿದುಕೊಂಡು ಹೋಗಿ, ಪೆಟ್ಟಿಗೆ ಬಿಚ್ಚಿ, ಕೇಬಲ್ ಚುಚ್ಚಿ ಬಾಗಿಲು ತೆರೆಯುವಷ್ಟರಲ್ಲಿ ನನ್ನ ಶಾಣ್ಯಾತನವೆಲ್ಲ ಬೆವರಾಗಿ ಇಳಿದಿತ್ತು. ನಮ್ಮ ವಿಭಾಗದ ಸಾಹೇಬರು, ಚಿತ್ತಾಪುರ ಕಡೆಯವರು, ಹಣೆ ತುಂಬ ವಿಭೂತಿ, ಬಾಯಿ ತುಂಬ ಕಾನೂನು, ಒಂದೇ ಮಾತು ಅಂದರು: "ಮೊದಲ ನೀ ಒಳಗ ಬಾರವಾ, ಆಮ್ಯಾಲೆ ಮಂದಿಗೆ ಬಾಗಲಾ ಹಾಕು."

ಖರೆ ಗದ್ದಲ ಶುರುವಾದದ್ದು ಮರುದಿನ. ಲಾಗಿನ್ ಹೆಸರೆಂದರೆ ನೌಕರರ ಹೆಸರೇ. ಕಂಪ್ಯೂಟರಿನ ಮೂಲೆಯಲ್ಲಿ, ಗಡಿಯಾರದ ಪಕ್ಕ, ಒಂದು ಹಳದಿ ಗುಳ್ಳೆ ಎದ್ದು ಹೆಸರು ಕೇಳುತ್ತದೆ. ಗಂಡಸರು ಡ್ಯೂಟಿಯಲ್ಲಿ, ಗುಳ್ಳೆ ಎದ್ದದ್ದು ಹೆಂಗಸರ ಮುಂದೆ. ಫೋನುಗಳು ಬಂದವು.

"ಯಾರು?"

"ನಾನ್ರೀ."

"ಲಾಗಿನ್ ಹೆಸರು ಹೇಳ್ರಿ ವೈನಿ."

"ನಮ್ಮನಿಯವರದು."

"ಅಂದ್ರ ಯಾರದು?"

"ಅಯ್ಯ, ನಮ್ಮನಿಯವರದು ಅಂದ್ನೆಲ್ಲಾ!"

ಗಂಡನ ಹೆಸರು ಬಾಯಿಬಿಟ್ಟು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ ಊರಿನಲ್ಲಿ, ನಾನು ಕುರ್ಚಿ ಮೇಲೆ ಕುಳಿತು ಗಂಡಂದಿರ ಹೆಸರು ಕೇಳುತ್ತಿದ್ದೆ. ಹೆಸರು ಹೇಳದೆ ಹೊಸ ಪಾಸ್‌ವರ್ಡ್ ಕೊಡಕೂಡದು ಎಂಬುದು ಸಾಹೇಬರ ಕಟ್ಟಪ್ಪಣೆ. ನನಗೋ ಮೂಗಿನ ಮೇಲೆ ಸಿಟ್ಟು. "ಹೆಸರು ಹೇಳಂಗಿಲ್ಲಾ ಅಂದ್ರ ಫೋನ್ ಇಡ್ರಿ" ಎಂದು ಒಬ್ಬರಿಗೆ ಗದರಿಸಿದೆ. ಆಕೆ ಇಡಲಿಲ್ಲ. ಗಂಟಲು ಸರಿಮಾಡಿಕೊಂಡು ಒಡಪು ಹಾಕಿಯೇಬಿಟ್ಟರು: "ಶಾಬಾದ ಫರಸಿ ತೊಳದು ಬರದೀನಿ ರಂಗೋಲಿ, ಇಂಥವರ ಹೆಸರು ನನ್ನ ಬಾಯಾಗ ಸದಾ ಇರಲಿ!" ಇಂಥವರ ಎಂದು ನಾನು ಬರೆದ ಕಡೆ ಗಂಡನ ಹೆಸರು ಸ್ಪಷ್ಟವಾಗಿ ಬಂತು. ಮದುವೆಮನೆಯಲ್ಲಿ ಒಡಪಿನೊಳಗೆ ಕೂಡಿಸಿ ಹೇಳಿದರೆ ಹೆಸರಿಗೆ ದೋಷವಿಲ್ಲವಲ್ಲ, ಫೋನಿಗೂ ಅದೇ ನ್ಯಾಯ.

ಸುದ್ದಿ ಕಾಲನಿ ತುಂಬ ಹರಡಿತು. ಆಮೇಲೆ ಬಂದ ಫೋನುಗಳೆಲ್ಲ ಒಡಪೇ. "ರೈಲು ನಿಂತಾವ ವಾಡಿ ಜಂಕ್ಷನ್ದಾಗ, ಇಂಥವರು ನಿಂತಾರ ನನ್ನ ಮನಸಿನ್ಯಾಗ" ಎಂದು ಒಬ್ಬರು ರಾಗವಾಗಿ ಹೇಳುವಾಗ ಹಿಂದೆ ನಾಲ್ಕು ಜನ ಕಿಸಕ್ಕೆಂದು ನಗುವುದು ಕೇಳಿಸಿತು. ಸಾಹೇಬರು ಕಡತದಲ್ಲಿ ಮುಖ ಮುಚ್ಚಿಕೊಂಡು, "ಸ್ಪೀಕರ್ ಮ್ಯಾಲೆ ಹಾಕವಾ, ಬರೋಬ್ಬರಿ ಕೇಳ್ಸವಲ್ದು" ಎಂದರು. ಎಲ್ಲಾ ಕೇಳಿಸುತ್ತಿತ್ತು ಅವರಿಗೆ, ಕಳ್ಳ.

ಅಷ್ಟರಲ್ಲಿ ಕಾಕು ಫೋನ್ ಬಂತು. "ನಾನವಾ. ಹಳದಿ ಗುಳ್ಳಿ ಎದ್ದದ. ಯಾರು ಅಂತ ಕೇಳ್ಲಿಕತ್ತದ."

"ಒಂದು ಒಡಪು ಹಾಕ್ರಿ ಕಾಕು, ಬಿಡ್ತೀನಿ" ಎಂದೆ, ಚೇಷ್ಟೆಗೆ.

"ನನಗ ಒಡಪು ಬರ್ತಾವ. ಆದ್ರ ಅದು ಕೇಳೋದು ನನ್ನನ್ನ. ಅವರನ್ನಲ್ಲ" ಎಂದು ಫೋನ್ ಇಟ್ಟರು.

ಮಧ್ಯಾಹ್ನ ಊಟಕ್ಕೆ ಹೋದಾಗ ಕಾಕು ಕಂಪ್ಯೂಟರ್ ಮುಂದೆ ಕೈಕಟ್ಟಿ ಕುಳಿತಿದ್ದರು. ಎದುರಿನವನು ನಡೆ ನಡೆಸಿ ಆಗಲೇ ಎರಡು ದಿನ ಆಗುತ್ತ ಬಂದಿತ್ತು, ಉಳಿದದ್ದು ಇನ್ನೊಂದೇ ದಿನ. ಕಾಕಾ ಭಟ್ಟಿಯ ವಾರ್ಷಿಕ ರಿಪೇರಿಯಲ್ಲಿ ಸಿಕ್ಕಿಹಾಕಿಕೊಂಡು, ಮನೆಗೆ ಬಂದರೂ ಹೆಣದ ಹಾಗೆ ಮಲಗಿ ಏಳುತ್ತಿದ್ದರು. ಕಾಕಾ ಹೆಸರು ನನಗೆ ಗೊತ್ತು. "ನಾನೇ ಒತ್ತತೀನಿ, ನೀವು ಕಣ್ಣು ಮುಚ್ಚಿಕೊಳ್ರಿ" ಎಂದು ಕೀಬೋರ್ಡಿಗೆ ಕೈ ಹಾಕಿದೆ. ಕಾಕು ನನ್ನ ಕೈ ಹಿಡಿದರು.

"ಬ್ಯಾಡ. ಅವರ ಹೆಸರಿನ್ಯಾಗ ನಾ ಯಾಕ ಒಳಗ ಹೋಗ್ಲಿ? ಅವರಿಗೆ ಆನಿ ಹ್ಯಾಂಗ ನಡೀತದಂತ ಸೈತ ಗೊತ್ತಿಲ್ಲ."

"ಆಟ ಹೋಗ್ತದ ಕಾಕು!"

"ಇಷ್ಟು ದಿನ ಯಾರೂ ಕೇಳಿರ್ಲಿಲ್ಲ, ಸುಮ್ಮನ ಹೋಗ್ತಿದ್ದೆ. ಈಗ ನಿನ್ನ ಪೆಟಿಗಿ ಯಾರು ಅಂತ ಕೇಳ್ಯದ. ಕೇಳಿದ ಮ್ಯಾಲೆ ಖರೇ ಹೇಳಬೇಕೋ ಬ್ಯಾಡೋ?"

ನನಗೆ ತಲೆ ಚಿಟ್ಟು ಹಿಡಿಯಿತು. ಹೆಸರಿಲ್ಲದೆ ಬಂದವರಿಗಾಗಿ ನಾವೊಂದು ಅತಿಥಿ ಜಾಲ ಮಾಡಿದ್ದೆವು, ಪಡಸಾಲೆ ಇದ್ದ ಹಾಗೆ. ಬಂದವರು ಅಲ್ಲೇ ಕುಳಿತು ನೀರು ಕುಡಿದು ಹೋಗಬಹುದು, ಒಳಮನೆಗೆ ಬರುವಂತಿಲ್ಲ. ಅಲ್ಲಿಂದಲೂ ಚದುರಂಗ ಆಡಬಹುದು ಎಂದೆ. ಕಾಕು ಕಣ್ಣು ಕೆಂಪಾದವು. "ಇಪ್ಪತ್ತೆಂಟು ವರ್ಷದಿಂದ ಈ ಕ್ವಾರ್ಟರದಾಗ ನೆಲಾ ಸಾರಸೀನಿ. ನಾ ಅತಿಥಿ ಏನ?" ಕೊನೆಗೆ ದಾರಿ ಕಾಣದೆ, ಈ ಕಂಪ್ಯೂಟರನ್ನು ಪ್ರಿಂಟರುಗಳ ಪಟ್ಟಿಗೆ ಸೇರಿಸಿಬಿಡುತ್ತೇನೆ, ಹೆಸರೇ ಕೇಳುವುದಿಲ್ಲ ಎಂದೆ. ಕಾಕು ನನ್ನನ್ನು ಎಷ್ಟು ಹೊತ್ತು ನೋಡಿದರೆಂದರೆ, ನನಗೆ ಬಡಿಸಿದ ಭಕ್ರಿ ಆರಿಹೋಯಿತು.

"ಪ್ರಿಂಟರ್ ಅಂತ ಪ್ರಿಂಟರ್!" ಎಂದರು. "ಬಾಯಿಲ್ಲದ್ದು ಅಂತ ಬರಕೋತಿ ಹೌದಿಲ್ಲೋ?"

"ಮತ್ತ ಏನ್ ಮಾಡ್ಲಿ? ನಿಮ್ಮ ಹೆಸರಿನ ಮ್ಯಾಲೆ ಮಾಡ್ಲಿಕ್ಕೆ ನೀವು ನೌಕರರಲ್ಲ. ಮಾಡಿದ್ರೂ ಯಾವ ಹೆಸರು, ಕಾರ್ಖಾನಿ ದವಾಖಾನಿ ಕಾರ್ಡಿನ್ಯಾಗ ಇರೋದೇ?"

"ಅದು ಅತ್ತಿಯವರು ಇಟ್ಟದ್ದು." ಕಾಕು ಪಲ್ಯದ ಬೋಗುಣಿಯ ತಳ ಕೆರೆಯತೊಡಗಿದರು. "ಲಗ್ನದಾಗ ಅಕ್ಕಿ ಮ್ಯಾಲೆ ಬರಸಿದ್ರು. ನನ್ನದು ಬ್ಯಾರೆ ಇತ್ತು. ಅಪ್ಪ ಇರೋತನಕ ಆ ಹೆಸರ್ಲೇ ಕರೀತಿದ್ದ. ಅಂವ ಹೋದ ಮ್ಯಾಲೆ ಯಾರೂ ಕರದಿಲ್ಲ."

ಆಗ ನನಗೆ ಹೊಳೆಯಿತು. ಚದುರಂಗದ ಜಾಗದಲ್ಲಿ ಕಾಕು ಒಂದೊಂದೇ ಅಕ್ಷರ ಹುಡುಕಿ ಒತ್ತಿದ್ದು ಸುಳ್ಳು ಹೆಸರಲ್ಲ. ಊರಿನ ತುಂಬ ಅವರು ಇಂಥವರ ಹೆಂಡತಿ, ಕಾಕು, ವೈನಿ, ಮಾಮಿ. ಆ ಒಂದು ಆಟದಲ್ಲಿ ಮಾತ್ರ, ಮುಖ ಕಾಣದ ಪರದೇಶದವನೊಬ್ಬನಿಗೆ, ಅವರು ಅವರೇ ಆಗಿದ್ದರು. ಆ ಆಟ ಹೋದರೆ ಆ ಹೆಸರೂ ಹೋದ ಹಾಗೆ. ನನಗೆ ಅಳು ಬಂತು. ತೋರಗೊಡಬಾರದೆಂದು "ಉಪ್ಪು ಜಾಸ್ತಿ ಆಗ್ಯದ" ಎಂದು ಪಲ್ಯಕ್ಕೆ ಹೆಸರಿಟ್ಟೆ.

ಸಾಹೇಬರ ಮುಂದೆ ಹೋಗಿ ನಿಂತೆ. "ಹಾಜರಿ ಪಟ್ಟಿಯಾಗ ಇಲ್ಲದವರಿಗೆ ಲಾಗಿನ್ ಇಲ್ಲ" ಎಂದರು. ಸರ್ವರ್ ಕೊಡುತ್ತೇನೆ ಅಂದರೂ ಇವರು ಬಿಡುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡವಲ್ಲ. ನಾನೂ ಬಿಡಲಿಲ್ಲ. "ಮುಂಜಾನೆ ಸ್ಪೀಕರ್ ಮ್ಯಾಲೆ ಕೇಳಿದ ಒಡಪು ಎಲ್ಲಾ ನಿಮ್ಮ ಮನಿಯವ್ವಾರಿಗೆ ಹೇಳ್ತೀನಿ ಸರ್" ಎಂದೆ. ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಒರೆಸಿ, ನೌಕರರು ಸ್ವತಃ ಬಂದು ತಮ್ಮ ಮನೆಯವರ ಹೆಸರು ಹೇಳಿ ಜವಾಬ್ದಾರಿ ಹೊತ್ತರೆ ಬೇರೆ ಲಾಗಿನ್ ಮಾಡಬಹುದು ಎಂದು ಅಲ್ಲೇ ಒಂದು ಕಾನೂನು ಹುಟ್ಟಿಸಿದರು. ಭಟ್ಟಿ ಬಿಟ್ಟು ಕಾಕಾ ಬರುವುದಿಲ್ಲ ಎಂಬ ಧೈರ್ಯ ಅವರಿಗೆ.

ಭಟ್ಟಿಯ ಕಡೆ ಫೋನ್ ಮಾಡಿದೆ. ಯಂತ್ರಗಳ ಗದ್ದಲದಲ್ಲಿ ಕಿರುಚಿ ವಿಷಯ ಹೇಳಿದೆ. ಆ ಕಡೆಯಿಂದ ಕಾಕಾ ಕೇಳಿದ್ದು ಒಂದೇ: "ಆಟ ಯಾವಾಗ ಮುಗೀತದ?"

"ನಾಳೆ ಸಂಜೀಕ, ಕಾಕಾ."

ಮರುದಿನ ಊಟದ ಹೊತ್ತಿಗೆ ಕಾಕಾ ಬಂದರು. ಕಾಲಿನಿಂದ ಹುಬ್ಬಿನವರೆಗೆ ಬೂದು ಧೂಳು. ಹಲ್ಲು ಬಿಟ್ಟರೆ ಮಾತ್ರ ಮನುಷ್ಯರೆಂದು ಗೊತ್ತಾಗಬೇಕು. ಅವರ ಊಟದ ಡಬ್ಬಿ ಹಿಡಿದುಕೊಂಡು ಕಾಕು ಹೊರಗೆ ಕಾರಿಡಾರಿನಲ್ಲಿ ನಿಂತಿದ್ದರು, ಗೋಡೆ ಕಡೆ ಮುಖ ಮಾಡಿ, ತಮಗೂ ಇದಕ್ಕೂ ಏನೂ ಸಂಬಂಧವಿಲ್ಲ ಎಂಬಂತೆ.

"ಹೆಸರು ಹೇಳ್ರಿ" ಎಂದರು ಸಾಹೇಬರು.

"ನಂದಾ?"

"ನಿಮ್ಮದು ಗೊತ್ತದ. ಮನಿಯವ್ವಾರದು."

ಕಾಕಾ ಕೆಮ್ಮಿದರು. ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ ಎಂದು ನಾನು ಎರಡು ದಿನದಿಂದ ನಗಾಡುತ್ತಿದ್ದೆನಲ್ಲ, ಗಂಡಸರದು ಬೇರೆಯೇನಲ್ಲ. ಇಪ್ಪತ್ತೆಂಟು ವರ್ಷ "ಏ, ಕೇಳ್ತೇನು", "ಎಲ್ಲಿದ್ದೀ" ಎಂದೇ ಸಂಸಾರ ಮಾಡಿದ ಮನುಷ್ಯ. ಕಿಟಕಿಯ ಕಡೆ ನೋಡಿದರು, ಫ್ಯಾನಿನ ಕಡೆ ನೋಡಿದರು. ಆಮೇಲೆ ಹೇಳಿದರು. ಮೆಲ್ಲಗೆ ಅಲ್ಲ, ಭಟ್ಟಿಯ ಗದ್ದಲದಲ್ಲಿ ಮಾತಾಡಿ ರೂಢಿಯಾದ ಗಂಟಲು, ಕಾರಿಡಾರಿನ ಕೊನೆಯವರೆಗೆ ಕೇಳಿಸಿತು.

ಸಾಹೇಬರು ಪರದೆ ನೋಡಿ ತಲೆ ಅಲ್ಲಾಡಿಸಿದರು. "ದವಾಖಾನಿ ಕಾರ್ಡಿನ್ಯಾಗ ಬ್ಯಾರೆ ಹೆಸರು ಅದಲ್ರೀ?"

"ಅದು ನಮ್ಮವ್ವ ಇಟ್ಟದ್ದು, ಅಡಿಗಿ ಮಾಡೋಕಿ ಹೆಸರು" ಎಂದರು ಕಾಕಾ. "ಆಟ ಆಡೋಕಿ ಹೆಸರು ಇದು. ನಮ್ಮ ಮಾವನವರು ಬಾಗಲಾಗ ನಿಂತು ಹಿಂಗ ಕರೀತಿದ್ರು. ಇದನ್ನ ಬರಕೋರಿ."

ಹೊರಗೆ ಡಬ್ಬಿಯ ಮುಚ್ಚಳ ಫರಸಿಯ ಮೇಲೆ ಬಿದ್ದು ಗಿರ್ರನೆ ತಿರುಗುವ ಸದ್ದು ಬಂತು. ಯಾರೂ ಆ ಕಡೆ ನೋಡಲಿಲ್ಲ. ನಾನು ತಲೆ ಬಗ್ಗಿಸಿ ಆ ಹೆಸರು ಒತ್ತಿದೆ. ಕಣ್ಣು ಮಂಜಾಗಿ ಒಂದು ಅಕ್ಷರ ತಪ್ಪಿತು, ಅಳಿಸಿ ಮತ್ತೆ ಒತ್ತಿದೆ.

ಆ ಸಂಜೆ ಕಾಕು ತಾವೇ ಹಳದಿ ಗುಳ್ಳೆಗೆ ಉತ್ತರ ಕೊಟ್ಟು ಒಳಗೆ ಹೋಗಿ ಕುದುರೆ ನಡೆಸಿದರು. ಮುಂದಿನ ವಾರದಲ್ಲಿ ಇನ್ನೂ ಕೆಲವು ಗಂಡಸರು ಒಬ್ಬೊಬ್ಬರಾಗಿ ಬಂದು, ಆಚೀಚೆ ನೋಡಿ, ಹೆಂಡತಿಯ ಹೆಸರು ಉಸುರಿ ಹೋದರು. ಸಾಹೇಬರು ತಮ್ಮ ಮನೆಯವರದನ್ನು ನಾನು ಚಹಾ ಕುಡಿಯಲು ಹೋದಾಗ ತಾವೇ ಸೇರಿಸಿಕೊಂಡಿದ್ದರು. ನೋಡಿಯೂ ನೋಡದವಳಂತೆ ಇದ್ದೆ.

ಕೆಲವು ದಿನಗಳ ಮೇಲೆ ಬೆಳಗಿನ ಹೊತ್ತು ಫೋನ್ ಬಂತು. ಯಾವುದೋ ಸ್ವಿಚ್ಚಿನ ಜೊತೆ ಜಗಳವಾಡುತ್ತ ಸಿಟ್ಟಿನಲ್ಲಿದ್ದೆ. "ಯಾರು?" ಎಂದೆ.

ಆ ಕಡೆಯಿಂದ ಒಂದು ಹೆಸರು ಬಂತು, ಅಕ್ಷರ ಅಕ್ಷರ ಬಿಡಿಸಿ, ಸಾವಕಾಶವಾಗಿ.

"ಯಾವ ಕ್ವಾರ್ಟರ್ರೀ? ಯಾರ ಮನಿಯವ್ರು?" ಎಂದೆ.

ಆ ಕಡೆಯಿಂದ ಬಿದ್ದುಬಿದ್ದು ನಗು. "ಏ ಹುಚ್ಚಿ! ನಿನ್ನ ಪೆಟಿಗಿ ಕಣ್ಣು ಮುಚ್ಚಿ ತಗಿಯೋದ್ರಾಗ ನನ್ನ ಗುರ್ತ ಹಿಡಿತದ, ನನ್ನ ಕೈಯಾಗಿಂದು ತಿಂದ ನೀ ಹಿಡಿಯಂಗಿಲ್ಲ?"

"ಕಾಕೂ!"

"ಹೂಂ, ಈಗ ಕಾಕು. ಆ ಆಟ ಸೋತೆ ನೋಡವಾ. ಕುದುರಿ ಹಿಂದ ತಗೀಬೇಕಾಗಿತ್ತು. ಇನ್ನೊಂದು ಹೂಡೀನಿ. ಮಧ್ಯಾಹ್ನ ಊಟಕ್ಕ ಜಲ್ದಿ ಬಾ."

ಸೋತವರ ದನಿ ಅದಾಗಿರಲಿಲ್ಲ. ಆ ಮಧ್ಯಾಹ್ನ ಕಾಲನಿಯ ಕಡೆ ಸೈಕಲ್ ತುಳಿಯುತ್ತ, ಆ ಹೆಸರನ್ನು ಬಾಯಲ್ಲಿ ಮತ್ತೆ ಮತ್ತೆ ಹೇಳಿಕೊಂಡೆ, ಮುಂದಿನ ಸಲ "ಯಾರು" ಎಂದು ಕೇಳಬಾರದಲ್ಲ.